ಡ್ರೆಸ್ಡೆನ್‌ನ ಕಿಟ್ಟೆಲ್ ನಮ್ಮ ನಿಘಂಟಿನ ಕಿಟ್ಟೆಲ್‌ಗೆ ನೆಂಟರಾ?

ಪ್ರಶ್ನೆ: ನಾವು ಧಾರವಾಡದವರು. ಮಗಳು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದುತ್ತಿದ್ದಾಳೆ. ಅವಳು ಬಾಡಿಗೆಗಿರುವ ಮನೆಯ ಒಡತಿಯ ಅಡ್ಡಹೆಸರು ಕಿಟ್ಟೆಲ್. ಕನ್ನಡ ನಿಘಂಟು ಮಾಡಿದ ಫರ್ಡಿನಾಂಡ್ ಕಿಟ್ಟೆಲ್ ಅವರ ವಂಶದವರೇ ಇರಬಹುದಾ? ಈ ಹೆಸರಿನ ಅರ್ಥ ಏನು, ಎಲ್ಲಿಂದ ಬಂತು? ಸಂಬಂಧ ಇದೆಯಾ ಅಂತ ಪತ್ತೆ ಮಾಡಲು ದಾರಿ ಇದೆಯಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಬರೀ ಹೆಸರು ನೋಡಿ ನೆಂಟರು ಅನ್ನಲು ಬರುವುದಿಲ್ಲ. ಕಿಟ್ಟೆಲ್ ಎಂಬ ಹೆಸರು ಒಂದೇ ಮನೆಯಲ್ಲಿ ಹುಟ್ಟಿ ಹರಡಿದ್ದಲ್ಲ. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಕಾಲದಲ್ಲಿ, ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಜನರಿಗೆ ಇದೇ ಹೆಸರು ಅಂಟಿಕೊಂಡಿದೆ. ಆದರೆ ಪತ್ತೆ ಮಾಡುವ ದಾರಿ ಖಂಡಿತ ಇದೆ. ಅರ್ಧ ಕೆಲಸ ಮನೆಯಲ್ಲಿ ಕೂತೇ ಆಗುತ್ತದೆ. ಅದಕ್ಕೂ ಮುಂಚೆ ಹೆಸರಿನ ಕಥೆ ಗೊತ್ತಿರಬೇಕು. ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಿ ಪ್ರಯೋಜನವಿಲ್ಲ ಅನ್ನುವುದು ಅದರಿಂದಲೇ ತಿಳಿಯುತ್ತದೆ.

ಕಿಟ್ಟೆಲ್ ಅಂದರೆ ಉಳಿದ ಬಟ್ಟೆಯ ಮೇಲೆ ಹಾಕಿಕೊಳ್ಳುವ ಸಡಿಲವಾದ ಅಂಗಿ. ಇವತ್ತಿಗೂ ಜರ್ಮನಿಯಲ್ಲಿ ಡಾಕ್ಟರ ಬಿಳಿ ಕೋಟಿಗೆ, ಲ್ಯಾಬ್ ಕೋಟಿಗೆ, ಕಾರ್ಖಾನೆಯ ಕೆಲಸದಂಗಿಗೆ ಕಿಟ್ಟೆಲ್ ಅಂತಲೇ ಹೇಳುತ್ತಾರೆ. ನಿಮ್ಮ ಮಗಳು ಲ್ಯಾಬಿಗೆ ಹೋಗುವವಳಾದರೆ ದಿನಾ ಈ ಮಾತು ಕೇಳುತ್ತಿರಬೇಕು. ಮಧ್ಯಯುಗದ ಜರ್ಮನ್ ಭಾಷೆಯಲ್ಲಿ ಅದರ ರೂಪ ಕಿಟೆಲ್ ಎಂದಿತ್ತು.

ಒಂದು ಅಂಗಿಯ ಹೆಸರು ಮನುಷ್ಯನ ಹೆಸರಾಗಿದ್ದು ಹೇಗೆ? ನಿಮಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ. ನಿಮ್ಮ ಧಾರವಾಡದ ಕಡೆಯೇ ಅಂಗಡಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಅನ್ನುವ ಅಡ್ಡಹೆಸರುಗಳಿವೆ ಅಲ್ವಾ? ಮಾರುವ, ಮಾಡುವ, ಬೆಳೆಯುವ ವಸ್ತುವೇ ಆ ಮನೆಯವರ ಗುರುತಾಯಿತು. ಜರ್ಮನಿಯಲ್ಲೂ ಹೀಗೇ ಆಯಿತು. ಹೂಟ್ ಅಂದರೆ ಟೋಪಿ, ಶೂ ಅಂದರೆ ಪಾದರಕ್ಷೆ, ಹಾಂಡ್‌ಶೂ ಅಂದರೆ ಕೈಗವಸು, ಪೆಲ್ಟ್ಸ್ ಅಂದರೆ ತುಪ್ಪಳ, ಮಾಂಟೆಲ್ ಅಂದರೆ ಉದ್ದನೆ ಕೋಟು. ಇವೆಲ್ಲ ಅಲ್ಲಿ ಮನೆತನದ ಹೆಸರುಗಳು. ಕಿಟ್ಟೆಲ್ ಇದೇ ಸಾಲಿಗೆ ಸೇರುತ್ತದೆ. ಮೊದಲ ಕಿಟ್ಟೆಲ್ ಅಂಥ ಅಂಗಿ ಹೊಲಿಯುವ ದರ್ಜಿ ಇರಬಹುದು, ಮಾರುವವನಿರಬಹುದು. ಎದ್ದು ಕಾಣುವಂಥ ಅಂಗಿ ತೊಟ್ಟು ಓಡಾಡುತ್ತಿದ್ದವನೂ ಇರಬಹುದು. ಒಂದೊಂದು ಊರಿನಲ್ಲಿ ಒಂದೊಂದು ಕಾರಣ.

ಈ ಹೆಸರುಗಳು ಯಾವಾಗ ಶುರುವಾದವು ಅನ್ನುವುದು ಮುಖ್ಯ. ಸುಮಾರು 11ನೇ ಶತಮಾನದವರೆಗೆ ಜರ್ಮನ್ ನಾಡಿನಲ್ಲಿ ಒಬ್ಬರಿಗೆ ಒಂದೇ ಹೆಸರು. ಆಮೇಲೆ ಪಟ್ಟಣಗಳು ಬೆಳೆದವು. ಒಂದೇ ಬೀದಿಯಲ್ಲಿ ನಾಲ್ಕಾರು ಜನ ಹೈನ್‌ರಿಷ್, ನಾಲ್ಕಾರು ಜನ ಕೊನ್‌ರಾಡ್. ತೆರಿಗೆ ಬರೆಯುವವನಿಗೆ, ಆಸ್ತಿ ಪತ್ರ ಮಾಡುವವನಿಗೆ ಯಾರು ಯಾರು ಅಂತ ತಿಳಿಯಬೇಕಲ್ಲ. ಅಂಗಿಯ ಕೊನ್‌ರಾಡ್, ಹಳ್ಳದ ಪಕ್ಕದ ಕೊನ್‌ರಾಡ್, ಕುಳ್ಳ ಕೊನ್‌ರಾಡ್ ಅಂತ ಬರೆಯತೊಡಗಿದರು. ಮೊದಮೊದಲು ಅದು ಆ ಮನುಷ್ಯನ ಜೊತೆಗೇ ಮುಗಿಯುತ್ತಿತ್ತು. ಕ್ರಮೇಣ ಮಗನಿಗೆ, ಮೊಮ್ಮಗನಿಗೆ ಇಳಿದು ಬಂತು. ಕೊಲೋನ್, ಬಾಸೆಲ್‌ನಂಥ ರೈನ್ ನದಿಯ ಪಟ್ಟಣಗಳಲ್ಲಿ 12ನೇ ಶತಮಾನದಲ್ಲೇ ಈ ರೂಢಿ ಕಾಣುತ್ತದೆ. ಅಲ್ಲಿಂದ ಉತ್ತರಕ್ಕೆ, ಪೂರ್ವಕ್ಕೆ, ಕೊನೆಗೆ ಹಳ್ಳಿಗಳಿಗೆ ಹೋಗುವಷ್ಟರಲ್ಲಿ ಮೂರು ನಾಲ್ಕು ನೂರು ವರ್ಷ ಕಳೆದಿತ್ತು.

ಅಂದರೆ ಜರ್ಮನ್ ಅಡ್ಡಹೆಸರು ಮೂಲದಲ್ಲಿ ಊರವರು ಇಟ್ಟ ಗುರುತು. ಅದು ಕುಲದ ಗುರುತಲ್ಲ, ಗೋತ್ರವಂತೂ ಅಲ್ಲ. ಗಿರಣಿ ಇದ್ದ ಊರಿನಲ್ಲೆಲ್ಲ ಒಬ್ಬ ಮ್ಯುಲ್ಲರ್ ಇದ್ದ. ಅದಕ್ಕೇ ಇವತ್ತು ಜರ್ಮನಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಅಡ್ಡಹೆಸರು ಮ್ಯುಲ್ಲರ್. ಅವರೆಲ್ಲ ಒಂದೇ ವಂಶದವರು ಅಂತ ಅಲ್ಲಿ ಯಾರೂ ಅಂದುಕೊಳ್ಳುವುದಿಲ್ಲ. ಕಿಟ್ಟೆಲ್ ಅಷ್ಟು ಸಾಮಾನ್ಯ ಹೆಸರಲ್ಲ. ಹೆಸರು ಅಪರೂಪವಾದಷ್ಟೂ ಸಂಬಂಧ ಇದ್ದೇ ಇರುತ್ತದೆ ಅಂತ ಮನಸ್ಸು ನಂಬಲು ಶುರುಮಾಡುತ್ತದೆ. ಎಡವುವುದು ಅಲ್ಲೇ.

ಹೆಸರುವಾಸಿಯಾದ ಕಿಟ್ಟೆಲ್‌ಗಳನ್ನೇ ನೋಡಿ. ಎರ್ಫುರ್ಟ್ ಪಟ್ಟಣದಲ್ಲಿ 1732ರಲ್ಲಿ ಹುಟ್ಟಿದ ಯೋಹಾನ್ ಕ್ರಿಸ್ಟಿಯಾನ್ ಕಿಟ್ಟೆಲ್ ಆರ್ಗನ್ ವಾದಕ, ಸಂಗೀತಗಾರ ಬಾಖ್‌ನ ಕೊನೆಯ ಶಿಷ್ಯರಲ್ಲಿ ಒಬ್ಬ. ನಮ್ಮ ಫರ್ಡಿನಾಂಡ್ ಹುಟ್ಟಿದ್ದು ಸರಿಯಾಗಿ ನೂರು ವರ್ಷದ ನಂತರ, 1832ರಲ್ಲಿ. ಇಂದಿನ ಚೆಕ್ ದೇಶದ ಯಿಜೆರಾ ಬೆಟ್ಟಗಳಲ್ಲಿ 18ನೇ ಶತಮಾನದಲ್ಲಿ ಎಲೆಯಾಜರ್ ಕಿಟ್ಟೆಲ್ ಎಂಬ ವೈದ್ಯನಿದ್ದ. ಅವನ ಕೈಗುಣ ಎಷ್ಟು ಹೆಸರಾಗಿತ್ತೆಂದರೆ, ಇವನು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ ಅಂತ ಜನ ಕಥೆ ಕಟ್ಟಿದರು. ಆ ಕಥೆಗಳು ಅಲ್ಲಿ ಇನ್ನೂ ಜೀವಂತವಾಗಿವೆ. ದಕ್ಷಿಣದ ವುರ್ಟೆಂಬರ್ಗ್‌ನಲ್ಲಿ 1853ರಲ್ಲಿ ರುಡಾಲ್ಫ್ ಕಿಟ್ಟೆಲ್ ಹುಟ್ಟಿದರು. ಹೀಬ್ರೂ ಬೈಬಲಿನ ಪಾಠ ಶೋಧಿಸಿ ಸಂಪಾದಿಸಿದ ದೊಡ್ಡ ವಿದ್ವಾಂಸ. ಫರ್ಡಿನಾಂಡ್ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಕಡೆಯಿಂದ ಭಾರತಕ್ಕೆ ಬಂದದ್ದೂ ಅದೇ 1853ರಲ್ಲಿ.

ರುಡಾಲ್ಫ್ ಅವರ ಮಗ ಗೆರ್ಹಾರ್ಡ್ ಕಿಟ್ಟೆಲ್ ವಿಷಯ ಇನ್ನೂ ಗೊಂದಲ ತರುವಂಥದ್ದು. ಅವರೂ ನಿಘಂಟುಕಾರ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಬಹುಸಂಪುಟ ನಿಘಂಟು ಅವರ ಸಂಪಾದಕತ್ವದಲ್ಲಿ 1933ರಿಂದ ಹೊರಬಂತು. ನಾವು ಕನ್ನಡದಲ್ಲಿ ‘ಕಿಟ್ಟೆಲ್ ತೆಗೆದು ನೋಡು’ ಅನ್ನುವಂತೆ ಆ ನಿಘಂಟನ್ನೂ ಅಲ್ಲಿನ ವಿದ್ವಾಂಸರು ಬರೀ ‘ಕಿಟ್ಟೆಲ್’ ಅಂತಲೇ ಕರೆಯುತ್ತಾರೆ. ಗೆರ್ಹಾರ್ಡ್ ಟ್ಯೂಬಿಂಗೆನ್‌ನಲ್ಲಿ ಪ್ರೊಫೆಸರ್. ನಮ್ಮ ಫರ್ಡಿನಾಂಡ್‌ಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಟ್ಯೂಬಿಂಗೆನ್‌ನಲ್ಲೇ. ಹೆಸರು ಒಂದೇ, ಊರು ಒಂದೇ, ಕೆಲಸವೂ ಒಂದೇ ತರಹ. ಇಷ್ಟಾದರೂ ಇದು ರಕ್ತಸಂಬಂಧಕ್ಕೆ ಸಾಕ್ಷಿಯಾಗುವುದಿಲ್ಲ. ಒಬ್ಬರದು ಉತ್ತರ ಸಮುದ್ರದ ದಂಡೆಯ ಹಳ್ಳಿ, ಇನ್ನೊಬ್ಬರ ತಂದೆಯದು ದಕ್ಷಿಣದ ಊರು. ಗೆರ್ಹಾರ್ಡ್ ನಾಜಿ ಪಕ್ಷ ಸೇರಿ ಯಹೂದಿಗಳ ವಿರುದ್ಧ ಬರೆದವರು. ಯುದ್ಧ ಮುಗಿದಾಗ ಬಂಧನಕ್ಕೂ ಒಳಗಾದರು. ಹೆಸರೊಂದನ್ನೇ ನಂಬಿ ವಂಶವೃಕ್ಷ ಬರೆದರೆ ಕನ್ನಡದ ನಿಘಂಟುಕಾರನನ್ನು ಸುಮ್ನೆ ಇವರ ಪಕ್ಕದಲ್ಲಿ ಕೂರಿಸಿದಂತಾಗುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಕ್ಷರ ಒಂದೇ ಇದ್ದು ಮೂಲ ಬೇರೆ ಬೇರೆ ಇರುವುದೂ ಉಂಟು. ನಾರ್ವೆಯಲ್ಲಿ ಕಿಟ್ಟೆಲ್ ಅನ್ನುವುದು ಗಂಡಸರ ಹೆಸರು. ಅದು ಹಳೆಯ ನಾರ್ಸ್ ಭಾಷೆಯ ಕೆಟಿಲ್ ಎಂಬ ಹೆಸರಿನಿಂದ ಬಂದದ್ದು. ಅದಕ್ಕೆ ಹಂಡೆ, ಕಡಾಯಿ ಅಂತ ಅರ್ಥ. ಅಲ್ಲಿನ ಚಿತ್ರಕಾರ ಥಿಯೋಡೋರ್ ಕಿಟ್ಟೆಲ್‌ಸೆನ್ ಅವರ ಅಡ್ಡಹೆಸರಿಗೆ ‘ಕಿಟ್ಟೆಲ್‌ನ ಮಗ’ ಅಂತ ಅರ್ಥ. ಅದಕ್ಕೂ ಜರ್ಮನ್ ಅಂಗಿಗೂ ಏನೂ ಸಂಬಂಧವಿಲ್ಲ. ಇನ್ನೊಂದು ಕಡೆ, ಯಹೂದಿಗಳು ಯೋಮ್ ಕಿಪ್ಪುರ್ ದಿನ ತೊಡುವ ಬಿಳಿ ನಿಲುವಂಗಿಗೂ ಕಿಟ್ಟೆಲ್ ಅಂತಲೇ ಹೆಸರು. ಮದುವೆಯಲ್ಲೂ ತೊಡುತ್ತಾರೆ, ಸತ್ತಾಗಲೂ ತೊಡಿಸುತ್ತಾರೆ. ಅದನ್ನು ನೋಡಿ ಕಿಟ್ಟೆಲ್ ಯಹೂದಿ ಅಡ್ಡಹೆಸರು ಅಂದುಕೊಳ್ಳುವವರಿದ್ದಾರೆ. ಪದ ಎರಡೂ ಕಡೆ ಒಂದೇ. ಆದರೆ ಆ ಪದದಿಂದ ಮನೆತನದ ಧರ್ಮ ಹೇಳಲು ಬರುವುದಿಲ್ಲ.

ಈಗ ಭೂಪಟಕ್ಕೆ ಬರೋಣ. ಕಿಟ್ಟೆಲ್ ಹೆಸರು ಜಾಸ್ತಿ ಇದ್ದದ್ದು ಜರ್ಮನ್ ನಾಡಿನ ಪೂರ್ವ ಮಧ್ಯ ಭಾಗದಲ್ಲಿ. ಅಂದರೆ ಸ್ಯಾಕ್ಸನಿ, ಸಿಲೇಸಿಯಾ (ಇಂದು ಬಹುಪಾಲು ಪೋಲೆಂಡಿನಲ್ಲಿದೆ), ಮತ್ತು ಇಂದಿನ ಚೆಕ್ ದೇಶಕ್ಕೆ ಸೇರಿದ ಬೊಹೆಮಿಯಾದ ಉತ್ತರದ ಬೆಟ್ಟಸೀಮೆ. ಡ್ರೆಸ್ಡೆನ್ ಸ್ಯಾಕ್ಸನಿಯ ರಾಜಧಾನಿ. ಹಾಗಾಗಿ ನಿಮ್ಮ ಮಗಳಿಗೆ ಅಲ್ಲಿ ಒಬ್ಬ ಕಿಟ್ಟೆಲ್ ಸಿಕ್ಕಿದ್ದು ಆಶ್ಚರ್ಯವಲ್ಲ. ಈ ಇಡೀ ಸೀಮೆಯಲ್ಲಿ ಅಗಸೆ ಬೆಳೆಯುವುದು, ಅದರ ನಾರಿನಿಂದ ಬಟ್ಟೆ ನೇಯುವುದು ಹಳೆಯ ಕಸುಬು. ಕಿಟ್ಟ್ಲರ್, ಕಿಟ್ಟೆಲ್‌ಮಾನ್ ಅನ್ನುವ ಹೆಸರುಗಳೂ ಇದೇ ಬಳಗದವು. ಬವೇರಿಯಾ, ಆಸ್ಟ್ರಿಯಾ ಕಡೆ ಕಿಟ್ಟ್ಲ್ ಅಂತ ಇನ್ನೂ ಮೊಟಕಾಗಿ ಬರೆಯುತ್ತಾರೆ.

ಆದರೆ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ಇಲ್ಲೆಲ್ಲೂ ಅಲ್ಲ. ಅವರ ಊರು ರೆಸ್ಟರ್‌ಹಾಫೆ. ಇದು ಜರ್ಮನಿಯ ವಾಯವ್ಯ ತುದಿಯಲ್ಲಿ, ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಕಡಲ ದಂಡೆಯ ನಾಡಿನಲ್ಲಿದೆ. ತಂದೆ ಅಲ್ಲಿ ಪಾದ್ರಿ. ಈ ನಾಡಿನ ಹೆಸರಿನ ಪದ್ಧತಿ ಜರ್ಮನಿಯ ಹೆಚ್ಚಿನ ಭಾಗಕ್ಕಿಂತ ಪೂರಾ ಬೇರೆ. ನನಗೆ ಇಡೀ ವಿಷಯದಲ್ಲಿ ಇದೇ ತುಂಬಾ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಲ್ಲಿ ಬಹುಪಾಲು ಜನರಿಗೆ ಖಾಯಂ ಅಡ್ಡಹೆಸರೇ ಇರಲಿಲ್ಲ. ಅಪ್ಪನ ಹೆಸರೇ ಮಗನ ಎರಡನೇ ಹೆಸರು. ಅಪ್ಪ ಯಾನ್ ಆದರೆ ಮಗ ಹಾರ್ಮ್ ಯಾನ್ಸೆನ್. ಹಾರ್ಮ್‌ನ ಮಗ ಉಬ್ಬೆ ಹಾರ್ಮ್ಸ್. ಉಬ್ಬೆಯ ಮಗ ಯಾನ್ ಉಬ್ಬೆನ್. ತಲೆಮಾರು ಬದಲಾದಂತೆ ಎರಡನೇ ಹೆಸರೂ ಬದಲು. ಅಜ್ಜ, ಅಪ್ಪ, ಮಗ ಮೂವರಿಗೂ ಮೂರು ಬೇರೆ ಹೆಸರು. ಜನರಿಗೆ ಇದರಿಂದ ತೊಂದರೆ ಇರಲಿಲ್ಲ. ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ತೊಂದರೆ ಆದದ್ದು ಸರ್ಕಾರಕ್ಕೆ. ಈ ನಾಡು ನೆಪೋಲಿಯನ್ನನ ಸಾಮ್ರಾಜ್ಯಕ್ಕೆ ಸೇರಿದಾಗ, 1811ರಲ್ಲಿ ಒಂದು ಆದೇಶ ಬಂತು. ಪ್ರತಿ ಮನೆಯವರೂ ಒಂದು ಖಾಯಂ ಅಡ್ಡಹೆಸರು ಆರಿಸಿ ಬರೆಸಬೇಕು. ತುಂಬಾ ಜನ ಹೊಸದೇನೂ ಯೋಚಿಸದೆ ಆ ಹೊತ್ತಿಗೆ ಇದ್ದ ಅಪ್ಪನ ಹೆಸರನ್ನೇ ಬರೆಸಿದರು. ಅಲ್ಲಿ ಇವತ್ತಿಗೂ ಯಾನ್ಸೆನ್‌ಗಳು, ಹಾರ್ಮ್ಸ್‌ಗಳು ತುಂಬಿರುವುದು ಇದರಿಂದಲೇ. ನೆಪೋಲಿಯನ್ ಹೋದ ಮೇಲೆ ಎಷ್ಟೋ ಮನೆಗಳು ಮತ್ತೆ ಹಳೆ ಪದ್ಧತಿಗೇ ಮರಳಿದವು. ಅಧಿಕಾರಿಗಳು ಮತ್ತೆ ಮತ್ತೆ ತಾಕೀತು ಮಾಡಬೇಕಾಯಿತು.

ಇಂಥ ನಾಡಿನಲ್ಲಿ ಕಿಟ್ಟೆಲ್ ಅನ್ನುವುದು ಹೊರಗಿನ ಹೆಸರಿನ ಹಾಗೆ ಕೇಳಿಸುತ್ತದೆ. ಅದು ಅಪ್ಪನ ಹೆಸರಿನಿಂದ ಬಂದದ್ದಲ್ಲ, ಅದರ ಅರ್ಥವೂ ಬೇರೆ ಸೀಮೆಯ ರೂಢಿಯದ್ದು. ಪಾದ್ರಿಗಳು ಓದಿದ ಜನ. ಎಲ್ಲಿ ಹುದ್ದೆ ಸಿಕ್ಕಿತೋ ಅಲ್ಲಿಗೆ ಸಂಸಾರ ಸಮೇತ ಹೋಗುತ್ತಿದ್ದರು. ಆದ್ದರಿಂದ ಈ ಮನೆತನ ಯಾವುದೋ ತಲೆಮಾರಿನಲ್ಲಿ ದಕ್ಷಿಣದಿಂದಲೋ ಪೂರ್ವದಿಂದಲೋ ಬಂದು ಅಲ್ಲಿ ನೆಲೆಸಿರಬೇಕು ಅಂತ ನನ್ನ ಅಂದಾಜು. ಇದು ಅಂದಾಜು ಅಷ್ಟೇ, ಹೆಸರಿನ ರೂಪ ನೋಡಿ ಮಾಡಿದ್ದು. ಸಾಬೀತು ಮಾಡಲು ಚರ್ಚಿನ ಪುಸ್ತಕವೇ ಬೇಕು.

ಇಲ್ಲಿ ಇನ್ನೊಂದು ಮಾತು. ಬಾಸೆಲ್ ಮಿಷನ್ನಿನಿಂದ ಕನ್ನಡ ನಾಡಿಗೆ ಬಂದವರಲ್ಲಿ ಬಹುಪಾಲು ಜನ ದಕ್ಷಿಣದ ವುರ್ಟೆಂಬರ್ಗ್ ಕಡೆಯವರು. ವೈಗ್ಲೆ ಅನ್ನುವ ಹೆಸರು ಕೇಳಿರುತ್ತೀರಿ. ಕೊನೆಯ ‘ಲೆ’ ಆ ಸೀಮೆಯ ಮಾತಿನ ಗುರುತು. ಮುದ್ದಿನಿಂದ, ಸಣ್ಣದು ಅನ್ನುವ ಅರ್ಥದಲ್ಲಿ ಅಲ್ಲಿ ಎಲ್ಲಕ್ಕೂ ‘ಲೆ’ ಸೇರಿಸುತ್ತಾರೆ. ಕರಾವಳಿಯಲ್ಲಿ ಕೆಲಸ ಮಾಡಿದ ಯೋಹಾನ್ನೆಸ್ ಹೆಸ್ಸೆ ಅವರ ಹೆಸರೂ ಚೆನ್ನಾಗಿದೆ. ಲೇಖಕ ಹರ್ಮನ್ ಹೆಸ್ಸೆಯ ತಂದೆ ಅವರು. ಹೆಸ್ಸೆ ಅಂದರೆ ಹೆಸ್ಸೆನ್ ನಾಡಿನವನು. ಹೆಸ್ಸೆನ್‌ನಲ್ಲೇ ಇದ್ದವನನ್ನು ಯಾರೂ ಹಾಗೆ ಕರೆಯುವುದಿಲ್ಲ. ಆ ನಾಡು ಬಿಟ್ಟು ಬೇರೆ ಕಡೆ ಹೋದ ಮೇಲೆಯೇ ಅದು ಹೆಸರಾಗುತ್ತದೆ. ಯೋಹಾನ್ನೆಸ್ ಹುಟ್ಟಿದ್ದು ಹೆಸ್ಸೆನ್‌ನಿಂದ ಬಹಳ ದೂರ, ಇಂದಿನ ಎಸ್ಟೋನಿಯಾದಲ್ಲಿ. ಇಂಥ ಹೆಸರುಗಳ ನಡುವೆ ಉತ್ತರ ತುದಿಯ ಫರ್ಡಿನಾಂಡ್ ಕಿಟ್ಟೆಲ್ ಒಂದು ಅಪವಾದ.

ಇನ್ನು ಹುಡುಕುವ ಕೆಲಸ. ಮೊದಲು ಮನೆ ಒಡತಿಗೆ ಈ ಹೆಸರು ಹುಟ್ಟಿನಿಂದ ಬಂದದ್ದಾ, ಮದುವೆಯಿಂದ ಬಂದದ್ದಾ ಅಂತ ಕೇಳಿಸಿ. ಜರ್ಮನಿಯಲ್ಲಿ ಬಹಳ ಕಾಲ ಹೆಂಡತಿ ಗಂಡನ ಹೆಸರನ್ನೇ ತೆಗೆದುಕೊಳ್ಳಬೇಕಿತ್ತು. 1976ರ ಕಾನೂನಿನ ನಂತರ ಇಬ್ಬರಲ್ಲಿ ಯಾರ ಹೆಸರನ್ನಾದರೂ ಆರಿಸಿಕೊಳ್ಳಬಹುದು ಅಂತಾಯಿತು. ಇಬ್ಬರೂ ತಮ್ಮ ತಮ್ಮ ಹೆಸರು ಉಳಿಸಿಕೊಳ್ಳುವ ಹಕ್ಕು ಬಂದದ್ದು 1991ರ ಕೋರ್ಟ್ ತೀರ್ಪಿನ ಮೇಲೆ. ಹಾಗಾಗಿ ಆಕೆಯ ಗಂಡ ಮದುವೆಯಲ್ಲಿ ಕಿಟ್ಟೆಲ್ ಆದವರೂ ಇರಬಹುದು. ಯಾವ ಕಡೆಯ ಹೆಸರು ಅಂತ ಖಚಿತವಾಗದೆ ಮುಂದೆ ಹೋಗಬೇಡಿ.

ಆಮೇಲೆ ಕೇಳಬೇಕಾದ್ದು ಕಿಟ್ಟೆಲ್ ಅಜ್ಜ, ಮುತ್ತಜ್ಜ ಹುಟ್ಟಿದ ಊರು. ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಊರು ಗೊತ್ತಾಗದೆ ಜರ್ಮನಿಯಲ್ಲಿ ವಂಶ ಹುಡುಕಲು ಆಗುವುದಿಲ್ಲ, ಯಾಕೆಂದರೆ ದಾಖಲೆಗಳೆಲ್ಲ ಊರಿನ ಲೆಕ್ಕದಲ್ಲೇ ಇರುತ್ತವೆ. ಈ ಪ್ರಶ್ನೆ ಮೆಲ್ಲಗೆ ಕೇಳಲು ಮಗಳಿಗೆ ಹೇಳಿ. ಎರಡು ಕಾರಣಗಳಿವೆ. 1945ರ ನಂತರ ಸಿಲೇಸಿಯಾ ಪೋಲೆಂಡಿಗೆ ಹೋಯಿತು. ಅಲ್ಲಿಂದ, ಬೊಹೆಮಿಯಾದಿಂದ, ಪೂರ್ವದ ಇನ್ನೂ ಹಲವು ಕಡೆಯಿಂದ ಸುಮಾರು 1 ಕೋಟಿ 20 ಲಕ್ಷ ಜರ್ಮನ್ನರು ಮನೆ ಬಿಟ್ಟು ಓಡಬೇಕಾಯಿತು, ಇಲ್ಲವೇ ಅವರನ್ನು ಹೊರಹಾಕಿದರು. ಡ್ರೆಸ್ಡೆನ್‌ನ ಎಷ್ಟೋ ಮನೆಗಳ ಅಜ್ಜಿ ತಾತ ಹಾಗೆ ಕೈಗೆ ಸಿಕ್ಕಿದ್ದು ಹೊತ್ತು ಬಂದವರು. ಅವರಿಗೆ ‘ಮೂಲ ಊರು ಯಾವುದು’ ಅನ್ನುವುದು ನೋವಿನ ಪ್ರಶ್ನೆ.

ಎರಡನೆಯದು ನಾಜಿ ಕಾಲದ್ದು. ಆಗ ಜನ ತಾವು ಯಹೂದಿಗಳಲ್ಲ ಅಂತ ತೋರಿಸಲು ‘ಆನೆನ್‌ಪಾಸ್’ ಎಂಬ ಪುಸ್ತಿಕೆ ಮಾಡಿಸುತ್ತಿದ್ದರು. ಅದರಲ್ಲಿ ಅಜ್ಜ, ಮುತ್ತಜ್ಜಂದಿರ ಹೆಸರು, ಹುಟ್ಟಿದ ತಾರೀಕು, ಊರು, ಚರ್ಚು ಎಲ್ಲ ಪಾದ್ರಿಯ ಸಹಿ ಮುದ್ರೆಯೊಂದಿಗೆ ಇರುತ್ತಿತ್ತು. ಅದು ಜನರನ್ನು ಬೇರ್ಪಡಿಸಿ ಕೊಲ್ಲುವ ವ್ಯವಸ್ಥೆಯ ಒಂದು ಭಾಗ. ವಂಶ ಕೆದಕುವುದು ಅಂದರೆ ಇವತ್ತಿಗೂ ಕೆಲವು ಜರ್ಮನ್ನರಿಗೆ ಮುಜುಗರವಾಗುವುದು ಇದರಿಂದ. ಆದರೆ ಆ ಪುಸ್ತಿಕೆ ಯಾರದೋ ಅಟ್ಟದ ಪೆಟ್ಟಿಗೆಯಲ್ಲಿ ಉಳಿದಿದ್ದರೆ, 1800ರ ಆಸುಪಾಸಿನವರೆಗಿನ ಮಾಹಿತಿ ಒಮ್ಮೆಗೇ ಸಿಗುತ್ತದೆ. ಅವರಾಗಿಯೇ ತೋರಿಸಿದರೆ ಮಾತ್ರ ನೋಡಿ, ಒತ್ತಾಯ ಬೇಡ.

ಊರು ಸಿಕ್ಕ ಮೇಲೆ ದಾಖಲೆ. ಆಗಿನ ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದಲ್ಲಿ 1874ರ ಅಕ್ಟೋಬರ್‌ನಿಂದ, ಸ್ಯಾಕ್ಸನಿ ಸೇರಿ ಉಳಿದ ಕಡೆ 1876ರಿಂದ ಜನನ ಮರಣಗಳನ್ನು ಸರ್ಕಾರಿ ಕಚೇರಿಯಲ್ಲಿ ಬರೆಯುತ್ತಾರೆ. ಜನನದ ದಾಖಲೆ 110 ವರ್ಷ, ಮದುವೆಯದು 80, ಮರಣದ್ದು 30 ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಡಬಹುದು. ಅದಕ್ಕಿಂತ ಹೊಸದು ಬೇಕಾದರೆ ಮನೆಯವರೇ ಕೇಳಬೇಕು. ಸರ್ಕಾರಿ ದಾಖಲೆ ಶುರುವಾಗುವುದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಪ್ರೊಟೆಸ್ಟೆಂಟ್ ಚರ್ಚುಗಳದ್ದು ಆರ್ಖಿಯೋನ್ ಜಾಲತಾಣದಲ್ಲಿ ದುಡ್ಡು ಕೊಟ್ಟರೆ ಸಿಗುತ್ತವೆ. ಕ್ಯಾಥೊಲಿಕ್ ಚರ್ಚುಗಳದ್ದು ಮಾಟ್ರಿಕುಲಾ ತಾಣದಲ್ಲಿ ಪುಕ್ಕಟೆ. ಎಲ್ಲ ಊರಿನದೂ ಇರುವುದಿಲ್ಲ. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಎಷ್ಟೋ ಪುಸ್ತಕಗಳು ಸುಟ್ಟು ಹೋದವು.

ಓದುವಾಗ ಮೂರು ವಿಷಯ ನೆನಪಿರಲಿ. ಹಳೆಯ ಪಾದ್ರಿಗಳು ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದರು. ಒಂದೇ ಮನುಷ್ಯ ಒಂದು ಕಡೆ ಕಿಟೆಲ್, ಇನ್ನೊಂದು ಕಡೆ ಕಿಟ್ಟೆಲ್, ಮತ್ತೊಂದು ಕಡೆ ಕಿಟ್ಲ್. ಹೆಂಗಸರ ಹೆಸರಿಗೆ ‘ಇನ್’ ಸೇರಿಸಿ ಕಿಟ್ಟೆಲಿನ್ ಅಂತ ಬರೆಯುವ ರೂಢಿಯೂ ಇತ್ತು. ಬಾಖ್‌ನ ಹೆಂಡತಿ ಆನಾ ಮಾಗ್ಡಲೇನಾ ‘ಬಾಖಿನ್’ ಆದದ್ದೂ ಹೀಗೆ. ಮೂರನೆಯದು, ಹಳೆಯ ಜರ್ಮನ್ ಲಿಪಿಯಲ್ಲಿ ದೊಡ್ಡ ‘ಕ’ ಮತ್ತು ‘ರ’ ಅಕ್ಷರಗಳು ಬಹಳ ಹತ್ತಿರ. ಕಿಟ್ಟೆಲ್ ಅನ್ನುವುದನ್ನು ಬೇರೆಯವರು ರಿಟ್ಟೆಲ್ ಅಂತ ಓದಿ ಕಂಪ್ಯೂಟರಿಗೆ ಹಾಕಿರಬಹುದು. ಆ ಹೆಸರಿನಲ್ಲೂ ಒಮ್ಮೆ ಹುಡುಕಿ.

‘ಕಿಟ್ಟೆಲ್ ವಂಶದ ಲಾಂಛನ’ ಅಂತ ಚೌಕಟ್ಟು ಹಾಕಿಸಿ ಮಾರುವವರು ಸಿಗುತ್ತಾರೆ. ದಯವಿಟ್ಟು ದುಡ್ಡು ಹಾಕಬೇಡಿ. ಲಾಂಛನ ಪಡೆದದ್ದು ಯಾವುದೋ ಒಂದು ಮನೆತನ. ಅದೇ ಹೆಸರಿನ ಬೇರೆಯವರಿಗೆ ಅದು ಸೇರುವುದಿಲ್ಲ.

ಇದು ಒಡತಿಯ ಕಡೆಯ ಹುಡುಕಾಟ. ಫರ್ಡಿನಾಂಡ್ ಕಡೆಯಿಂದಲೂ ಹಿಂದಕ್ಕೆ ಹೋಗಬೇಕು. ಇಬ್ಬರೂ ಒಂದೇ ಊರಿನ ಒಂದೇ ಪುಸ್ತಕದಲ್ಲಿ ಸಿಕ್ಕಿದರೆ ಮಾತ್ರ ಸಂಬಂಧ ಅನ್ನಬಹುದು. ಬಾಸೆಲ್ ಮಿಷನ್ ಸೇರಲು ಬಂದ ಯುವಕರು ತಮ್ಮ ಬದುಕಿನ ವಿವರ ಸ್ವತಃ ಬರೆದುಕೊಡಬೇಕಿತ್ತು. ಮಿಷನ್ನಿನ ಹಳೆಯ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಸಂಶೋಧಕರಿಗೆ ತೆರೆದಿವೆ. ಪೂರ್ವ ಫ್ರೀಸ್‌ಲ್ಯಾಂಡಿನ ಔರಿಖ್ ಪಟ್ಟಣದಲ್ಲಿ ಸರ್ಕಾರಿ ಪತ್ರಾಗಾರವಿದೆ. ಅಲ್ಲೇ ಊಪ್‌ಸ್ಟಾಲ್ಸ್‌ಬೋಮ್ ಎಂಬ ವಂಶ ಸಂಶೋಧನೆಯ ಸಂಘವೂ ಇದೆ. ಆ ನಾಡಿನ ಊರೂರಿನ ಕುಟುಂಬಗಳ ಪುಸ್ತಕಗಳನ್ನು ಅವರು ಪ್ರಕಟಿಸುತ್ತಾರೆ. ಪಾದ್ರಿ ಕಿಟ್ಟೆಲ್ ಎಲ್ಲಿಂದ ಬಂದವರು ಅಂತ ಅವರಿಗೆ ಬರೆದು ಕೇಳಿ.

ಒಡತಿಯ ಉತ್ತರ ‘ಸಿಲೇಸಿಯಾ’ ಅಂತ ಬಂದರೆ ಪೋಲೆಂಡಿನ ಸರ್ಕಾರಿ ಪತ್ರಾಗಾರಗಳ ತಾಣ ನೋಡಬೇಕು. ‘ಬೊಹೆಮಿಯಾ’ ಅಂದರೆ ಚೆಕ್ ದೇಶದ ಲಿಟೊಮ್ಯೆರಿಝಿಟ್ಸೆ ಪತ್ರಾಗಾರ, ಅಲ್ಲಿ ಉತ್ತರ ಬೊಹೆಮಿಯಾದ ಚರ್ಚಿನ ಪುಸ್ತಕಗಳು ಪುಕ್ಕಟೆಯಾಗಿ ತೆರೆದಿವೆ. ‘ನಾವು ಮೊದಲಿಂದ ಸ್ಯಾಕ್ಸನಿಯವರೇ’ ಅಂದರೆ ಆ ಊರಿನ ಚರ್ಚಿಗೇ ಒಂದು ಪತ್ರ ಬರೆಯಿರಿ. ‘ತಾತ ಪೂರ್ವ ಫ್ರೀಸ್‌ಲ್ಯಾಂಡಿನವರು’ ಅಂತ ಏನಾದರೂ ಹೇಳಿದರೆ ತಡ ಮಾಡಬೇಡಿ, ತಾತನ ಹೆಸರು, ಹುಟ್ಟಿದ ವರ್ಷ, ಊರು ಈ ಮೂರನ್ನೂ ಬರೆದುಕೊಂಡು ಮೊದಲು ಔರಿಖ್‌ಗೆ ಕಳಿಸಿ.